ಗೋಲ್‌ಕೀಪರ್ ಕೈಯಲ್ಲಿ ಒಂದು ಕವರು

ದೆಹಲಿಯಲ್ಲಿರುವ ಕನ್ನಡಿಗ ತಾನು ಯಾವ ಕಡೆ ಹೊರಟಿದ್ದೇನೆ ಎಂಬುದನ್ನು ಮೆಟ್ಟಿಲ ಮೇಲೆ ಯಾರಿಗೂ ಹೇಳಬಾರದು. ಹೇಳಿದನೋ, ಕೈಗೊಂದು ಡಬ್ಬಿ ಬರುತ್ತದೆ. ಊರಿನಿಂದ ಬಂದ ಹುಳಿಪುಡಿ, ಯಾರದೋ ಸೊಸೆಗೆ ಲೇಹ್ಯ, ಯಾರದೋ ಮಾವನ ಮರೆತುಹೋದ ಕನ್ನಡಕ, ಇವೆಲ್ಲ ಈ ಊರಿನಲ್ಲಿ ಅಂಚೆಯಲ್ಲಿ ಹೋಗುವುದಿಲ್ಲ. ‘ಆ ಕಡೆ ಹೋಗ್ತಿರೋರ’ ಕೈಯಲ್ಲೇ ಹೋಗುತ್ತವೆ. ಹನ್ನೊಂದು ವರ್ಷದಿಂದ ಪೀತಮ್‌ಪುರದಲ್ಲಿ ಬಾಡಿಗೆಗಿರುವ ಮಹಂತೇಶನಿಗೆ ಇದು ಚೆನ್ನಾಗಿ ಗೊತ್ತಿತ್ತು. ಆದರೂ ಆ ಭಾನುವಾರ ಮಧ್ಯಾಹ್ನ ಬಾಯಿ ಬಿಟ್ಟ.

“ಎಲ್ಲಿಗ್ರೀ, ಇಷ್ಟು ದೊಡ್ಡ ಚೀಲ ಹೊತ್ಕೊಂಡು?” ಎಂದು ಎರಡನೇ ಮಹಡಿಯ ಇಂದಿರಮ್ಮ ಬಾಗಿಲಲ್ಲೇ ಕೇಳಿದರು.

“ಮ್ಯಾಚ್ ಇದೆ ಆಂಟಿ. ಲೋಧಿ ಕಾಲೋನಿ ಹತ್ರ.”

“ಅಯ್ಯೋ, ಲೋಧಿ ಕಾಲೋನೀನಾ! ಒಂದೇ ನಿಮಿಷ ನಿಂತ್ಕೊಳ್ಳಿ” ಎಂದು ಇಂದಿರಮ್ಮ ಒಳಗೆ ಓಡಿದರು.

ಮಹಂತೇಶ ನಿಂತ. ನಿಲ್ಲುವುದೇ ಅವನ ವೃತ್ತಿ. ಘಾಜಿಯಾಬಾದಿನ ‘ಹಿಂಡನ್ ಹಂಟರ್ಸ್’ ಎಂಬ ಫುಟ್‌ಬಾಲ್ ಕ್ಲಬ್ಬಿಗೆ ಅವನು ಗೋಲ್‌ಕೀಪರ್. ಹೆಸರು ಕೇಳಿದರೆ ಹುಲಿ ಹೊಡೆಯುವವರು ಅನ್ನಿಸಬೇಕು. ಆ ವರ್ಷ ಅವರು ಹದಿನೇಳು ಮ್ಯಾಚಿನಲ್ಲಿ ಹೊಡೆದದ್ದು ಒಂಬತ್ತು ಗೋಲು. ಕೆಳಗಿನ ಲೀಗು, ನೋಡುವವರಿಗಿಂತ ಆಡುವವರೇ ಹೆಚ್ಚು. ಇವತ್ತಿನದು ಕಡೆಯ ಮ್ಯಾಚು, ಡ್ರಾ ಆದರೂ ಸಾಕು, ಕ್ಲಬ್ಬು ಇನ್ನೂ ಕೆಳಗಿನ ಲೀಗಿಗೆ ಬೀಳದೆ ಉಳಿಯುತ್ತಿತ್ತು. ಮಾಲೀಕ ತ್ಯಾಗಿ ಹಿಂದಿನ ದಿನ ಅವನ ಭುಜದ ಮೇಲೆ ಕೈಯಿಟ್ಟು ಹೇಳಿದ್ದ: “ನಾಳೆ ಒಂದೂ ಗೋಲು ಬಿಡಬೇಡ. ಇನ್ನೊಂದು ವರ್ಷದ ಕಾಂಟ್ರ್ಯಾಕ್ಟು ನಿನ್ನದು. ಪಕ್ಕಾ.”

ಆ ಇನ್ನೊಂದು ವರ್ಷವೇ ಮಹಂತೇಶನಿಗೆ ಬೇಕಾಗಿದ್ದದ್ದು. ಬೇರೆ ಕೆಲಸ ಅವನಿಗೆ ಬರುವುದಿಲ್ಲ. ಬಂದರೂ ಬೇಡ. ಗೋಲಿನ ಎರಡು ಕಂಬಗಳ ನಡುವೆ ನಿಂತಾಗಲೇ ತಾನು ಒಬ್ಬ ಮನುಷ್ಯ ಅನ್ನಿಸುತ್ತಿತ್ತು ಅವನಿಗೆ. ಮೂವತ್ತೈದು ದಾಟಿದವನನ್ನು ಇಟ್ಟುಕೊಳ್ಳುವುದಿಲ್ಲ ಎಂಬುದು ತ್ಯಾಗಿಯ ಹಟ. ಆದರೆ ಕ್ಲಬ್ಬಿನ ಕಾಗದದಲ್ಲಿ ಮಹಂತೇಶನಿಗೆ ಮೂವತ್ತಮೂರೇ ಇತ್ತು. ಆ ಕಾಗದದ ಬಗ್ಗೆ ಅವನು ಯಾರ ಜೊತೆಯೂ ಹೆಚ್ಚು ಮಾತಾಡುತ್ತಿರಲಿಲ್ಲ.

ಇಂದಿರಮ್ಮ ಬಂದರು. ಕೈಯಲ್ಲಿ ಕಂದು ಬಣ್ಣದ ದಪ್ಪ ಕವರು, ನಾಲ್ಕೂ ಮೂಲೆಗೆ ಅರಿಶಿನ. ಹಿಂದೆಯೇ ಅವರ ಯಜಮಾನರು ಅಶ್ವತ್ಥನಾರಾಯಣ ಬಂದರು. ಕೇಂದ್ರ ಸರ್ಕಾರದ ಒಂದು ಇಲಾಖೆಯ ವಿಜಿಲೆನ್ಸ್ ಶಾಖೆಯಲ್ಲಿ ಮೂವತ್ತನಾಲ್ಕು ವರ್ಷ ಜನರನ್ನು ಅನುಮಾನಿಸಿ ನಿವೃತ್ತರಾದವರು. ನಿವೃತ್ತಿ ಆದದ್ದು ಸಂಬಳಕ್ಕೆ ಮಾತ್ರ, ಅನುಮಾನಕ್ಕೆ ಅಲ್ಲ.

“ಇದನ್ನ ಲೋಧಿ ಕಾಲೋನಿ ಈಶ್ವರಪ್ಪನವರ ಕೈಗೇ ಕೊಡ್ಬೇಕು” ಎಂದರು ಇಂದಿರಮ್ಮ. “ಶುಭದ ಕಾಗದ. ಭಾನುವಾರ ನಾಲ್ಕೂವರೆಗೆ ರಾಹುಕಾಲ ಶುರು, ಅಷ್ಟರೊಳಗೆ ಕೊಟ್ಬಿಡಿ. ಬಿಚ್ಚಿ ನೋಡ್ಬೇಡಿ.”

“ಬಿಚ್ಚಿದ್ರೆ ಗೊತ್ತಾಗುತ್ತೆ” ಎಂದರು ಅಶ್ವತ್ಥನಾರಾಯಣ. ಕವರಿನ ಬಾಯಿಗೆ ಮೂರು ಸುತ್ತು ಟೇಪು, ಟೇಪಿನ ಮೇಲೆ ಅವರ ಸಹಿ. “ಹೋದ ಸಲ ನಿಮ್ಮ ಕೈಯಲ್ಲಿ ಹನ್ನೆರಡು ಕೋಡುಬಳೆ ಕಳಿಸಿದ್ವಿ. ಅಲ್ಲಿ ತಲುಪಿದ್ದು ಒಂಬತ್ತು.”

“ಮೆಟ್ರೋದಲ್ಲಿ ಪುಡಿಯಾಯ್ತು ಅಂಕಲ್.”

“ಪುಡಿ ಎಲ್ಲಿ?”

ಮಹಂತೇಶ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡ. ಅಶ್ವತ್ಥನಾರಾಯಣ ಜೇಬಿನಿಂದ ಒಂದು ಚೀಟಿ ತೆಗೆದರು: ‘ಮುಚ್ಚಿದ ಸ್ಥಿತಿಯಲ್ಲಿ ಒಂದು ಕವರನ್ನು ಮಹಂತೇಶನಿಂದ ಪಡೆದಿದ್ದೇನೆ.’ ಕೆಳಗೆ ಸಹಿಗೂ ಸಮಯಕ್ಕೂ ಜಾಗ. “ಇದಕ್ಕೆ ಸಹಿ ಹಾಕಿಸ್ಕೊಂಡು ಬನ್ನಿ. ಕೊಡೋವಾಗ ಒಂದು ಫೋಟೋನೂ ತೆಗೆಸಿ. ನಾನು ನಿಮ್ಮನ್ನ ಅನುಮಾನಿಸ್ತಿದ್ದೀನಿ ಅಂತಲ್ಲ.” ಹೀಗೆ ಹೇಳುತ್ತಲೇ ಅವನ ತಲೆಯನ್ನು ನೋಡಿದರು. ಪ್ರತಿ ಎರಡನೇ ಶನಿವಾರ ಮೇಲಿನ ಮಹಡಿಯ ಬಚ್ಚಲಿನಿಂದ ಕಪ್ಪು ನೀರು ಇಳಿಯುವುದನ್ನು ಅವರು ಗಮನಿಸಿ ಇಟ್ಟುಕೊಂಡಿದ್ದರು.

ಮೈದಾನ ಮುಟ್ಟಿದಾಗ ಮೂರು ಗಂಟೆ. ಮೂರೂವರೆಗೆ ಆಟ ಶುರು, ಮುಗಿಯುವ ಹೊತ್ತಿಗೆ ರಾಹುಕಾಲ. ಈಗಲೇ ಕೊಟ್ಟು ಕೈತೊಳೆದುಕೊಂಡರೆ ಸರಿ ಎಂದು ಮಹಂತೇಶ ಇಂದಿರಮ್ಮ ಕೊಟ್ಟ ನಂಬರಿಗೆ ಫೋನ್ ಮಾಡಿದ.

“ಹಾಂ, ಈಶ್ವರಪ್ಪ ಮಾತಾಡೋದು. ನಾನೂ ಮೈದಾನದಲ್ಲೇ ಇದ್ದೀನ್ರೀ. ಬೇವಿನ ಮರದ ಹತ್ರ ಬನ್ನಿ.”

ಮಹಂತೇಶ ಬೇವಿನ ಮರದ ಕಡೆ ತಿರುಗಿದ. ಮರದ ಕೆಳಗೆ ಒಬ್ಬನೇ ಒಬ್ಬ ಮನುಷ್ಯ ಫೋನು ಹಿಡಿದು ನಿಂತಿದ್ದ. ನಲವತ್ತರ ಆಚೆಯ ವಯಸ್ಸು, ಕಪ್ಪು ಚಡ್ಡಿ, ಹಳದಿ ಅಂಗಿ, ಕೊರಳಲ್ಲಿ ಸೀಟಿ. ಇವತ್ತಿನ ರೆಫರಿ.

ಮಹಂತೇಶ ಕವರನ್ನು ಬೆನ್ನ ಹಿಂದಕ್ಕೆ ಸರಿಸಿದ. ಪಂದ್ಯಕ್ಕೆ ಅರ್ಧ ಗಂಟೆ ಮುಂಚೆ ಗೋಲ್‌ಕೀಪರು ರೆಫರಿಗೆ ದಪ್ಪ ಕವರು ಕೊಡುವುದೆಂದರೆ ಏನು? ನೋಡಿದವರು ಏನಂದುಕೊಂಡಾರು?

“ಸಾರ್, ಮ್ಯಾಚ್ ಆದ್ಮೇಲೆ ಕೊಡ್ಲಾ?” ಎಂದು ಮೆಲ್ಲಗೆ ಕೇಳಿದ.

ಈಶ್ವರಪ್ಪನಿಗೂ ಮುಜುಗರವೇ. ವಾರವೆಲ್ಲ ಸರ್ಕಾರಿ ಗುಮಾಸ್ತಿಕೆ, ಭಾನುವಾರ ಸೀಟಿ, ಹೀಗೆ ಹದಿನೈದು ವರ್ಷದಿಂದ ಒಂದು ಮಾತು ಕೇಳದೆ ಬಾಳಿದವನು. ಅತ್ತಿತ್ತ ನೋಡಿ, “ನನಗೂ ಅದೇ ಅನ್ಸುತ್ತೆ. ಆದ್ರೆ ರಾಹುಕಾಲ ಬರುತ್ತಲ್ರೀ. ಬೆಳಗಿಂದ ಇಂದಿರಮ್ಮ ಮೂರು ಸಲ ಫೋನ್ ಮಾಡಿದ್ದಾರೆ. ನಮ್ಮಮ್ಮ ಬೇರೆ ದೇವರ ಮುಂದೆ ಕೂತಿದ್ದಾಳೆ. ಕೊಟ್ಬಿಡಿ, ಬೇಗ” ಎಂದ.

“ಕೊಡ್ತೀನಿ ಸಾರ್. ಇಲ್ಲೊಂದು ಸಹಿ ಹಾಕಿ.”

“ಸಹಿನಾ?”

“ಅಶ್ವತ್ಥನಾರಾಯಣ ಅಂಕಲ್ ಗೊತ್ತಲ್ಲ ನಿಮಗೆ.”

ಗೊತ್ತಿತ್ತು. ಅವರನ್ನು ಬಲ್ಲವರು ಯಾರೂ ಸಹಿ ಹಾಕಲು ಹಿಂದೆ ಮುಂದೆ ನೋಡುವುದಿಲ್ಲ. ಈಶ್ವರಪ್ಪ ಸಹಿ ಮಾಡಿ, ಕೆಳಗೆ ೩.೦೭ ಎಂದು ಬರೆದ. ಇನ್ನು ಉಳಿದದ್ದು ಫೋಟೋ. ಮಹಂತೇಶನ ಹಾಳಾದ ಫೋನು ಸರಿಯಾಗಿ ಆಗಲೇ ಚಾರ್ಜು ಮುಗಿದು ಕಣ್ಣು ಮುಚ್ಚಿತು. ಪಕ್ಕದಲ್ಲಿ ಮೈ ಸಡಿಲಿಸಿಕೊಳ್ಳುತ್ತ ಓಡುತ್ತಿದ್ದವನು ಸಂದೀಪ್, ಕ್ಲಬ್ಬಿನ ಎರಡನೇ ಗೋಲ್‌ಕೀಪರ್. ಎರಡು ವರ್ಷದಿಂದ ಬೆಂಚಿನ ಮೇಲೆ ಕೂತು, ಮಹಂತೇಶನಿಗೆ ಯಾವಾಗ ಕಾಲು ಉಳುಕುತ್ತದೋ ಎಂದು ಕಾಯುತ್ತಿದ್ದವನು.

“ಸಂದೀಪ್ ಭಾಯ್, ಒಂದು ಫೋಟೋ ತೆಗೀತೀಯಾ? ಆಮೇಲೆ ನನಗೆ ಕಳಿಸು” ಎಂದ ನಮ್ಮ ಜಾಣ.

ಸಂದೀಪ್ ಒಂದಲ್ಲ, ಆರು ಫೋಟೋ ತೆಗೆದ. ಒಂದರಲ್ಲಿ ಕವರು, ಒಂದರಲ್ಲಿ ಇಬ್ಬರೂ ಅತ್ತಿತ್ತ ನೋಡುತ್ತಿರುವ ಮುಖ, ಒಂದರಲ್ಲಿ ಸಹಿಯ ಚೀಟಿ. “ಭೇಜ್ ದೂಂಗಾ ಭಯ್ಯಾ” ಎಂದು ನಕ್ಕ. ಕಳಿಸಿದ, ಆದರೆ ಮಹಂತೇಶನಿಗಲ್ಲ.

ಆಟ ಶುರುವಾಯಿತು. ಮೊದಲ ಹತ್ತು ನಿಮಿಷದಲ್ಲೇ ಮಹಂತೇಶನಿಗೆ ಏನೋ ಸರಿಯಿಲ್ಲ ಅನ್ನಿಸಿತು. ಸದಾ ಕೈಬೀಸುವ ಕೋಚು ಕೈಕಟ್ಟಿ ಅವನನ್ನೇ ನೋಡುತ್ತಿದ್ದ. ಗ್ಯಾಲರಿಯಲ್ಲಿ ತ್ಯಾಗಿ ಬೆರಳಿನ ನಾಲ್ಕು ಉಂಗುರ ತಿರುಗಿಸುತ್ತ ಫೋನಿನಲ್ಲಿ ಕಣ್ಣಿಟ್ಟಿದ್ದ. ತನ್ನದೇ ಕಡೆಯ ಡಿಫೆಂಡರುಗಳು ಅವನಿಗೆ ಚೆಂಡನ್ನು ಹಿಂದಕ್ಕೆ ಕೊಡುವುದನ್ನೇ ನಿಲ್ಲಿಸಿದರು. ಕೊಡುವ ಬದಲು ಹೊರಗೆ ಒದ್ದರು. ಹೊರಗೆ ಒದ್ದು, ಅವನ ಕಡೆ ನೋಡಿದರು.

ಹಾಫ್ ಟೈಮಿನಲ್ಲಿ ಯಾರೂ ಅವನಿಗೆ ನಿಂಬೆ ನೀರು ಕೊಡಲಿಲ್ಲ. ತ್ಯಾಗಿ ಕೆಳಗೆ ಇಳಿದು ಬಂದ.

“ಒಂದು ಮಾತು ಹೇಳು. ರೆಫರಿಗೆ ಕೊಡು ಅಂತ ನಾನು ನಿನಗೆ ಏನಾದ್ರೂ ಕೊಟ್ಟಿದ್ನಾ?”

“ಇಲ್ಲ ಸಾಬ್.”

“ಹೌದಲ್ವಾ? ನಾನು ಕೊಟ್ಟಿಲ್ಲ. ಮತ್ತೆ ನೀನು ಕೊಟ್ಟದ್ದು ಯಾರದ್ದು? ನಾವು ಗೆಲ್ಲೋಕಾ, ಸೋಲೋಕಾ?”

“ಸಾಬ್, ಅದು ನಮ್ಮ ಮನೆ ಕೆಳಗಿನ ಆಂಟಿ ಕೊಟ್ಟ ಕವರು!”

“ಆಂಟಿ” ಎಂದು ತ್ಯಾಗಿ ನಿಧಾನವಾಗಿ ಹೇಳಿದ. ಕೋಚಿನ ಕಡೆ ತಿರುಗಿ, “ಗ್ಯಾಂಗಿನ ಹೆಸರು ಆಂಟಿಯಂತೆ” ಎಂದ.

ಅತ್ತ ಎದುರಿನ ತಂಡದವರ ಫೋನಿಗೂ ಫೋಟೋ ಹೋಗಿತ್ತು. ಅವರ ನಾಯಕ ರೆಫರಿಯ ಪಕ್ಕ ನಡೆಯುತ್ತ, “ಸರ್ ಜೀ, ಕವರು ಭಾರ ಇತ್ತಾ?” ಎಂದು ಕೇಳಿದನಂತೆ. ಪಾಪ, ಈಶ್ವರಪ್ಪ ಬೆವರಿದ. ತಾನು ಪ್ರಾಮಾಣಿಕ ಎಂದು ತೋರಿಸಲು ಅವನಿಗೆ ಉಳಿದದ್ದು ಒಂದೇ ದಾರಿ, ಮಹಂತೇಶನ ಮೇಲೆ ಬೀಳುವುದು. ಚೆಂಡು ಒದೆಯುವುದು ನಾಲ್ಕು ಸೆಕೆಂಡು ತಡವಾಯಿತೆಂದು ಹಳದಿ ಕಾರ್ಡು ತೋರಿಸಿದ. ಕೈಗವಸು ಸರಿಮಾಡಿಕೊಂಡದ್ದಕ್ಕೆ ಬೈದ. ಬೈದದ್ದೂ ಹಿಂದಿಯಲ್ಲಿ. ಕನ್ನಡದಲ್ಲಿ ಬೈದರೆ ಅದನ್ನೂ ಒಳಮಾತು ಅಂದುಕೊಂಡಾರು ಎಂಬ ಭಯ.

ಕಡೆಗೆ ಎಂಬತ್ತಾರನೇ ನಿಮಿಷದಲ್ಲಿ ಎದುರಾಳಿಯ ಒಂಬತ್ತನೇ ನಂಬರಿನವನು ಮಹಂತೇಶನಿಂದ ಒಂದು ಮಾರು ದೂರದಲ್ಲಿ ತಾನಾಗಿ ಎಡವಿ ಬಿದ್ದ. ಈಶ್ವರಪ್ಪ ಸೀಟಿ ಊದಿದ. ಪೆನಾಲ್ಟಿ!

“ಸಾರ್, ಮುಟ್ಟೇ ಇಲ್ಲ ನಾನು!” ಎಂದು ಮಹಂತೇಶ ಕೂಗಿದ.

ಈಶ್ವರಪ್ಪ ಹತ್ತಿರ ಬಂದು ತುಟಿ ಅಲುಗಿಸದೆ, “ಗೊತ್ತು ಕಣ್ರೀ. ನನ್ನ ಮರ್ಯಾದೆ ನೋಡಿ ಸ್ವಲ್ಪ” ಎಂದ.

ಮಹಂತೇಶ ಗೆರೆಯ ಮೇಲೆ ನಿಂತ. ಸಿಟ್ಟು ನೆತ್ತಿಗೇರಿತ್ತು. ಇಪ್ಪತ್ತು ವರ್ಷ ಹೀಗೆ ನಿಂತಿದ್ದಾನೆ. ಕೆಸರಲ್ಲಿ, ಡಿಸೆಂಬರಿನ ಮಂಜಿನಲ್ಲಿ, ನಲವತ್ತೈದು ಡಿಗ್ರಿ ಬಿಸಿಲಿನಲ್ಲಿ. ಒಬ್ಬನಿಂದಲೂ ಒಂದು ಪೈಸೆ ಲಂಚ ಮುಟ್ಟಿದವನಲ್ಲ. ಇವರೆಲ್ಲ ಇವತ್ತು ತನ್ನನ್ನು ಕಳ್ಳನ ಹಾಗೆ ನೋಡುತ್ತಾರಲ್ಲ! ಒಂಬತ್ತನೇ ನಂಬರಿನವನು ಓಡಿಬಂದು ಬಲಗಡೆಗೆ ಬೀಸಿ ಒದ್ದ. ಮಹಂತೇಶ ಹಾರಿದ. ಬೆರಳ ತುದಿಗೆ ಬಡಿದ ಚೆಂಡು ಕಂಬಕ್ಕೆ ತಾಗಿ ಹೊರಗೆ ಹೋಯಿತು.

ಅವನ ಜೀವಮಾನದಲ್ಲೇ ಅಂಥ ತಡೆ ಇನ್ನೊಂದಿಲ್ಲ. ಎದ್ದು ನಿಂತು ಎರಡೂ ಕೈ ಮೇಲೆತ್ತಿದ. ಯಾರೂ ಓಡಿಬಂದು ತಬ್ಬಿಕೊಳ್ಳಲಿಲ್ಲ. “ಒದ್ದವನೂ ಇವರ ಜೊತೆಯಲ್ಲೇ ಸೇರ್ಕೊಂಡಿದಾನೆ” ಎಂದು ಅವನದೇ ತಂಡದ ಡಿಫೆಂಡರು ಪಕ್ಕದವನಿಗೆ ಹೇಳುವುದು ಕೇಳಿಸಿತು.

ಆಟ ಸೊನ್ನೆ ಸೊನ್ನೆಗೆ ಮುಗಿಯಿತು. ಹಂಟರ್ಸ್ ಉಳಿದುಕೊಂಡರು. ಹತ್ತು ನಿಮಿಷದಲ್ಲಿ ಬೇವಿನ ಮರದ ಕೆಳಗೆ ಪ್ಲಾಸ್ಟಿಕ್ ಮೇಜು ಬಂತು, ಮೇಜಿನ ಹಿಂದೆ ಲೀಗಿನ ಕಮಿಷನರ್ ಅರೋರಾ ಬಂದು ಕೂತ. ಸುತ್ತ ಎರಡೂ ತಂಡ, ತ್ಯಾಗಿ, ಸಂದೀಪ್, ಚಹಾದವನು. ಆ ಲೀಗಿನ ಇತಿಹಾಸದಲ್ಲಿ ಯಾವ ಪಂದ್ಯಕ್ಕೂ ಅಷ್ಟು ಜನ ಸೇರಿರಲಿಲ್ಲ.

ಅರೋರಾ ಮೊದಲು ಚೀಟಿ ನೋಡಿದ. ಅದು ಕನ್ನಡದಲ್ಲಿತ್ತು. ಈಶ್ವರಪ್ಪನಿಂದಲೇ ಅರ್ಥ ಹೇಳಿಸಿಕೊಂಡ.

“ಇಪ್ಪತ್ತೆರಡು ವರ್ಷದಿಂದ ಫುಟ್‌ಬಾಲ್ ನೋಡ್ತಿದ್ದೀನಿ” ಎಂದ. “ಕವರು ಕೊಟ್ಟೋರನ್ನ ನೋಡಿದೀನಿ, ತಗೊಂಡೋರನ್ನ ನೋಡಿದೀನಿ. ರಸೀದಿ ತಗೊಂಡೋರನ್ನ ಇವತ್ತೇ ನೋಡಿದ್ದು.”

“ಬಿಚ್ಚಿ ಸಾರ್” ಎಂದ ಮಹಂತೇಶ. ಅವನಿಗೆ ಈಗ ಧೈರ್ಯ ಬಂದಿತ್ತು. “ಏನಿದೆಯೋ ನನಗೂ ಗೊತ್ತಿಲ್ಲ. ದುಡ್ಡಂತೂ ಅಲ್ಲ. ಎಲ್ಲರ ಮುಂದೆ ಬಿಚ್ಚಿ.”

ಟೇಪು ಕತ್ತರಿಸಲು ಚಹಾದವನ ಚಾಕು ಬೇಕಾಯಿತು. ಒಳಗಿನಿಂದ ಹಣ ಬರಲಿಲ್ಲ. ಒಂದು ಹಾಳೆ, ಅದರ ಮೇಲೆ ಚೌಕದೊಳಗೆ ಹನ್ನೆರಡು ಮನೆ, ಮನೆಯೊಳಗೆ ಒಂದೊಂದು ಎರಡೆರಡು ಅಕ್ಷರ, ಕೆಳಗೆ ಉದ್ದಕ್ಕೂ ಇಂಗ್ಲಿಷ್ ಅಂಕಿಗಳ ಪಟ್ಟಿ.

“ಸಟ್ಟಾ ಚಾರ್ಟ್!” ಎಂದು ಸಂದೀಪ್ ಕೂಗಿದ. ಜೂಜಿನ ಪಟ್ಟಿಯೇ ಎಂದು ಸುತ್ತಲಿನವರೆಲ್ಲ ತಲೆಯಾಡಿಸಿದರು.

“ಏ, ಸಟ್ಟಾನೂ ಇಲ್ಲ ಮಣ್ಣೂ ಇಲ್ಲ!” ಈಶ್ವರಪ್ಪ ಮೊದಲ ಸಲ ದನಿ ಎತ್ತಿದ. “ಇದು ಜಾತಕ. ಕುಂಡಲಿ! ನನ್ನ ತಂಗಿ ಲಾವಣ್ಯಾಗೆ ಗಂಡು ನೋಡ್ತಿದ್ದೀವಿ. ಹದಿನಾಲ್ಕು ಬಂದು ಹೋಗಿವೆ, ಇದು ಹದಿನೈದನೇದು.”

“ಕುಂಡಲಿ ನಾನು ನೋಡಿಲ್ವಾ?” ಎಂದ ತ್ಯಾಗಿ. “ಕುಂಡಲಿ ಅಂದ್ರೆ ಗಾಳಿಪಟದ ಹಾಗೆ ಓರೆ ಗೆರೆ ಇರುತ್ತೆ. ಇದು ಚದುರಂಗದ ಮಣೆ ಇದ್ದ ಹಾಗಿದೆ.”

“ನಮ್ಮ ಕಡೆ ಹೀಗೇ ಬರೆಯೋದು ಸಾಬ್, ಚೌಕಾಕಾರ!” ಎಂದು ಮಹಂತೇಶನೂ ಈಶ್ವರಪ್ಪನೂ ಒಟ್ಟಿಗೆ ಹೇಳಿದರು. ಒಟ್ಟಿಗೆ ಹೇಳಿದ್ದೇ ತಪ್ಪಾಯಿತು, ಅರೋರಾನ ಹುಬ್ಬು ಇನ್ನೂ ಮೇಲೆ ಹೋಯಿತು.

ತ್ಯಾಗಿಗೆ ಒಬ್ಬ ಪಂಡಿತ್‌ಜೀ ಇದ್ದರು. ಆ ನಾಲ್ಕು ಉಂಗುರವೂ ಅವರ ಕೃಪೆ. ತ್ಯಾಗಿ ಹಾಳೆಯ ಫೋಟೋ ತೆಗೆದು ಅವರಿಗೆ ಕಳಿಸಿ ಫೋನ್ ಮಾಡಿ, ಎಲ್ಲರಿಗೂ ಕೇಳುವ ಹಾಗೆ ಮೇಜಿನ ಮೇಲಿಟ್ಟ.

“ಹಾಂ ಹಾಂ, ದಕ್ಷಿಣ್ ಭಾರತ್ ಕೀ ಕುಂಡಲಿ ಹೈ” ಎಂದಿತು ಫೋನು. “ಅಸಲೀ ಹೈ. ಬಹುತ್ ಬಢಿಯಾ ಲಡಕಾ ಹೈ.”

ಮಹಂತೇಶನ ಎದೆಯ ಮೇಲಿಂದ ಒಂದು ಬಂಡೆ ಇಳಿದಂತಾಯಿತು. ಡಿಫೆಂಡರುಗಳು ಬಂದು ಬೆನ್ನು ತಟ್ಟಿದರು. ಆಗಲೇ ಬರಬೇಕಾಗಿದ್ದ ಅಪ್ಪುಗೆಗಳೆಲ್ಲ ಈಗ ಬಂದವು. ತ್ಯಾಗಿ, “ಮಾಫ್ ಕರ್ನಾ ಯಾರ್” ಎಂದು ಅವನ ಎರಡೂ ಕೈ ಹಿಡಿದುಕೊಂಡ. “ಏನು ಪೆನಾಲ್ಟಿ ತಡೆದೆ! ನಾಳೆ ಬೆಳಿಗ್ಗೆ ಬಾ, ಸಹಿ ಹಾಕೋಣ.” ಮಹಂತೇಶನ ಕಣ್ಣಲ್ಲಿ ನೀರು ಬಂತು. ಇನ್ನೊಂದು ವರ್ಷ!

ಅಲ್ಲಿಗೆ ಎಲ್ಲರೂ ಎದ್ದು ಹೋಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಈಶ್ವರಪ್ಪನಿಗೆ ತಡೆಯಲಾಗಲಿಲ್ಲ. ತಂಗಿಯ ವಿಷಯ. ಹಾಳೆಯನ್ನು ಕೈಗೆತ್ತಿಕೊಂಡು ಮೇಲಿನ ಸಾಲನ್ನು ಓದಿದ. ಇನ್ನೊಂದು ಸಲ ಓದಿದ. ಹಾಳೆಯನ್ನು ನೋಡಿ ಮಹಂತೇಶನನ್ನು ನೋಡಿದ.

“ಚಿರಂಜೀವಿ ಮಹಂತೇಶ. ಗದಗ” ಎಂದ ಮೆಲ್ಲಗೆ. “ಇದು ನಿಮ್ಮದೇ ಜಾತಕ ಕಣ್ರೀ!”

ಮಹಂತೇಶ ಬಗ್ಗಿ ನೋಡಿದ, ಹೆಸರೂ ಊರೂ ಅವನವೇ. ಹೋದ ತಿಂಗಳು ಊರಿನಿಂದ ಅವ್ವ, “ಆ ಇಂದಿರಮ್ಮ ಭಾಳ ಚೊಲೋ ಮನಷ್ಯಾಳು, ಫೋನಿನಾಗ ಎಷ್ಟೊತ್ತು ಮಾತಾಡ್ತಾಳ!” ಎಂದು ಹೊಗಳಿದ್ದು ನೆನಪಾಯಿತು. ಈ ಇಬ್ಬರು ಹೆಂಗಸರು ಸೇರಿ ತನ್ನ ಮದುವೆಯ ಕಾಗದವನ್ನು ತನ್ನ ಕೈಯಲ್ಲೇ ಹೊರಿಸಿದ್ದರು.

ವಿಷಯ ತಿಳಿದು ಎಲ್ಲರೂ ನಕ್ಕರು. ಅರೋರಾ ಕೂಡ ನಕ್ಕ. ಫೋನು ಮಾತ್ರ ಇನ್ನೂ ಮಾತಾಡುತ್ತಲೇ ಇತ್ತು, ಪಂಡಿತ್‌ಜೀ ಸಾಮಾನ್ಯಕ್ಕೆ ಮುಗಿಸುವವರಲ್ಲ.

“ಶಾದೀ ಜಲ್ದೀ ಕರಾ ದೋ” ಎಂದಿತು ಫೋನು. “ಜನ್ಮ್ ಉನ್ನೀಸ್ ಸೌ ಸತ್ತಾಸೀ. ಲಡಕಾ ಸೈಂತೀಸ್ ಕಾ ಹೋ ಗಯಾ ಹೈ.”

ಹುಟ್ಟಿದ್ದು ಎಂಬತ್ತೇಳರಲ್ಲಿ, ಹುಡುಗನಿಗೆ ಮೂವತ್ತೇಳು! ನಗು ಒಬ್ಬೊಬ್ಬರದಾಗಿ ನಿಂತಿತು. ಸಂದೀಪ್ ಬೆರಳು ಮಡಿಸಿ ಲೆಕ್ಕ ಹಾಕುತ್ತಿದ್ದ. ಅರೋರಾ ಚೀಲದಿಂದ ಆಟಗಾರರ ನೋಂದಣಿ ಪಟ್ಟಿ ತೆಗೆದು ಮೇಜಿನ ಮೇಲೆ ಹರಡಿ ಕನ್ನಡಕ ಏರಿಸಿದ.

“ಇಲ್ಲಿ ತೊಂಬತ್ತೊಂದು ಅಂತ ಇದೆಯಲ್ಲ. ಮೂವತ್ತಮೂರು.”

“ಜಾತಕ ತಪ್ಪಿರಬೇಕು ಸಾರ್” ಎಂದ ಮಹಂತೇಶ. ದನಿ ಅವನದೇ ಅನ್ನಿಸಲಿಲ್ಲ.

“ತಪ್ಪಾ?” ಅರೋರಾ ಹಾಳೆ ಎತ್ತಿ ಹಿಡಿದ. “ಇದು ಅಸಲಿ ಅಂತ ಈಗ ತಾನೇ ಎಲ್ಲರ ಮುಂದೆ ಸಾಬೀತಾಯ್ತು. ಅಸಲಿ ಅಲ್ಲ ಅಂದ್ರೆ ಇದು ಸಟ್ಟಾ ಚಾರ್ಟು. ಯಾವುದು ಬೇಕು, ನೀವೇ ಹೇಳಿ.”

ಏನು ಹೇಳಿದರೂ ಚೆಂಡು ಗೋಲಿನೊಳಗೇ ಬೀಳುತ್ತಿತ್ತು. ತ್ಯಾಗಿ ಹಿಡಿದಿದ್ದ ಕೈ ಬಿಟ್ಟ. “ಮೂವತ್ತೈದು ದಾಟಿದವನು ಬೇಡ ಅಂತ ಹೇಳಿದ್ದೆ ತಾನೇ?” ಎಂದು ಹೊರಟು, ನಾಲ್ಕು ಹೆಜ್ಜೆ ಹೋಗಿ, “ಸಂದೀಪ್, ನಾಳೆ ಬೆಳಿಗ್ಗೆ ನೀನು ಬಾ” ಎಂದ. ಅರೋರಾ ಜಾತಕವನ್ನೂ ಚೀಟಿಯನ್ನೂ ವರದಿಗೆ ಪಿನ್ನು ಹಾಕಿ ಚೀಲಕ್ಕೆ ಸೇರಿಸಿದ.

ಈಶ್ವರಪ್ಪ ಕಡೆಯವರೆಗೂ ನಿಂತಿದ್ದ. “ಆ ಪೆನಾಲ್ಟಿ ಚೆನ್ನಾಗಿ ತಡೆದ್ರಿ, ಸುಳ್ಳು ಹೇಳಲ್ಲ” ಎಂದ. “ಆದ್ರೆ ನನ್ನ ತಂಗಿಗೆ ಇಪ್ಪತ್ತೊಂಬತ್ತು. ನಾಲ್ಕು ವರ್ಷ ಬಚ್ಚಿಟ್ಟೋರು ಇನ್ನೇನು ಬಚ್ಚಿಟ್ಟಿದ್ದಾರೋ ಅಂತ ಅಮ್ಮ ಕೇಳ್ತಾಳೆ. ಏನೂ ತಿಳ್ಕೋಬೇಡಿ.”

ಮಹಂತೇಶ ಪೀತಮ್‌ಪುರದ ಮೆಟ್ಟಿಲು ಹತ್ತುವಾಗ ಏಳೂವರೆ. ಇಂದಿರಮ್ಮನಿಗೆ ಲೋಧಿ ಕಾಲೋನಿಯಿಂದ ಆಗಲೇ ಫೋನು ಬಂದಿತ್ತು. ಬಾಗಿಲಲ್ಲೇ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ ನಿಂತಿದ್ದರು.

“ಎಲ್ಲಾ ಈ ಮನುಷ್ಯನಿಂದ ಆದದ್ದು!” ಎಂದರು, ಹಿಂದೆ ನಿಂತ ಗಂಡನನ್ನು ತೋರಿಸಿ. “ನಿಮ್ಮ ತಾಯಿ ಹೇಳಿದ್ದು ಎಂಬತ್ತೈದನೇ ಇಸವಿ. ಮೂವತ್ತೊಂಬತ್ತು ಅಂದ್ರೆ ಯಾರು ಹೆಣ್ಣು ಕೊಡ್ತಾರೆ ಹೇಳಿ? ಗ್ರಹ ಏನೂ ಮುಟ್ಟೋದು ಬೇಡ, ಇಸವಿ ಒಂದು ತೊಂಬತ್ತೊಂದು ಅಂತ ಹಾಕಿಸೋಣ, ಮೂವತ್ತಮೂರಾಗುತ್ತೆ, ಜೋಡಿ ಸರಿಹೋಗುತ್ತೆ ಅಂತ ಬಡ್ಕೊಂಡೆ. ಇವರು ಬಿಡ್ಲಿಲ್ಲ. ಎರಡು ವರ್ಷಕ್ಕಿಂತ ಜಾಸ್ತಿ ಇಳಿಸಿದ್ರೆ ನೋಡಿದೋರಿಗೆ ಅನುಮಾನ ಬರುತ್ತೆ ಅಂತ ಎಂಬತ್ತೇಳಕ್ಕೇ ನಿಲ್ಲಿಸಿದ್ರು!”

ತೊಂಬತ್ತೊಂದು. ಮಹಂತೇಶ ಚೀಲ ಕೆಳಗಿಟ್ಟು ಮೆಟ್ಟಿಲ ಮೇಲೆ ಹಾಗೇ ಕುಸಿದು ಕೂತ.

ಅಶ್ವತ್ಥನಾರಾಯಣ ಕೈ ಚಾಚಿದರು. “ಅದೆಲ್ಲ ಇರ್ಲಿ. ರಸೀದಿ ಎಲ್ಲಿ?”

“ಲೀಗಿನವರು ಇಟ್ಕೊಂಡ್ರು ಅಂಕಲ್.”

“ಫೋಟೋ?”

“ಅದೂ ನನ್ನ ಹತ್ರ ಇಲ್ಲ.”

ಅಶ್ವತ್ಥನಾರಾಯಣ ಅವನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು. ಆಮೇಲೆ ಹೆಂಡತಿಯ ಕಡೆ ತಿರುಗಿದರು.

“ನೋಡಿದ್ಯಾ? ನಾನು ಹೇಳ್ಲಿಲ್ವಾ? ಈ ಮನುಷ್ಯ ಕವರು ಕೊಟ್ಟೇ ಇಲ್ಲ.”